ಜೇಬಿನಲ್ಲೊಂದು ಪುಟ್ಟ ಚಾಕು: ಪದೇ ಪದೇ ಕೇಳುವ ಪ್ರಶ್ನೆಗಳು

ಮಡಚುವ ಸಣ್ಣ ಚಾಕು ಇಟ್ಟುಕೊಂಡು ಓಡಾಡುವವರನ್ನು ಕಂಡರೆ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಮಾತಿನ ಮಧ್ಯೆ, ಪತ್ರಗಳಲ್ಲಿ ಬಂದವನ್ನು ಕೇಳಿದವರ ಧಾಟಿಯಲ್ಲೇ ಇಲ್ಲಿ ಇಟ್ಟಿದ್ದೇನೆ. ಹೊಸಬರ ಪ್ರಶ್ನೆಗಳು ಮೊದಲು, ಹುಚ್ಚು ಹತ್ತಿದವರವು ಆಮೇಲೆ.

## ಮೊದಲ ಪರಿಚಯ

ಅಲ್ಲ, ಈ ಕಾಲದಲ್ಲಿ ಜೇಬಲ್ಲಿ ಚಾಕು ಯಾಕೆ ಬೇಕು?

ಬೇಕೇ ಬೇಕು ಅಂತೇನಿಲ್ಲ. ಪಾರ್ಸೆಲ್ಲಿನ ಟೇಪನ್ನು ಕೀಲಿಕೈಯಿಂದ ಹರಿಯಬಹುದು, ಅಂಗಿಯ ದಾರವನ್ನು ಹಲ್ಲಿನಿಂದ ಕಚ್ಚಬಹುದು, ಲಕೋಟೆಯನ್ನು ಬೆರಳಿನಿಂದ ಕಿತ್ತು ಒಳಗಿನ ಕಾಗದದ ಸಮೇತ ಹರಿಯಲೂಬಹುದು. ಆದರೆ ಚಾಕು ಜೇಬಿಗೆ ಬಂದು ಒಂದು ವಾರವಾದ ಮೇಲೆ ಗೊತ್ತಾಗುತ್ತದೆ, ದಿನಕ್ಕೆ ನಾಲ್ಕಾರು ಸಲ ಇಂಥ ಕೆಲಸ ಬರುತ್ತದೆ, ಅಷ್ಟೂ ಸಲ ನಾವು ಅದನ್ನು ಕೆಟ್ಟದಾಗಿ ಮಾಡುತ್ತಿದ್ದೆವು ಅಂತ. ಪೆನ್ಸಿಲ್ ಮೊನೆ ಮಾಡುವುದು, ಹಣ್ಣು ಹೋಳು ಮಾಡುವುದು, ಕಾಲಿಗೆ ಚುಚ್ಚಿದ ಮುಳ್ಳನ್ನು ಮೇಲೆತ್ತುವುದು ಎಲ್ಲಕ್ಕೂ ಐದಾರು ಸೆಂಟಿಮೀಟರಿನ ಅಲಗು ಧಾರಾಳ.

ಇದು ಅರ್ಧ ಉತ್ತರ. ಇನ್ನರ್ಧ ಸಂತೋಷದ್ದು. ಬ್ಯಾಟರಿ ಇಲ್ಲ, ಪರದೆ ಇಲ್ಲ, ಹೇಗೆ ಕೆಲಸ ಮಾಡುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಅಂಥ ವಸ್ತುಗಳು ನಮ್ಮ ಜೇಬಿನಲ್ಲಿ ಈಗ ಎಷ್ಟಿವೆ ಹೇಳಿ?

ಸಾಂಪ್ರದಾಯಿಕ ಅಂದರೆ ಯಾವುದು? ಹಳೇದಾಗಿದ್ದರೆ ಸಾಕಾ?

ವಯಸ್ಸಿಗೂ ಅದಕ್ಕೂ ಸಂಬಂಧವಿಲ್ಲ, ಕಟ್ಟಿದ ಬಗೆಗೆ ಸಂಬಂಧ. ನಿನ್ನೆ ತಯಾರಾದ ಚಾಕುವೂ ಸಾಂಪ್ರದಾಯಿಕವೇ ಆಗಿರಬಹುದು.

ಮುಖ್ಯವಾದ ಬಗೆ ಸ್ಲಿಪ್‌ಜಾಯಿಂಟ್. ಹಿಡಿಯ ಬೆನ್ನಿನುದ್ದಕ್ಕೂ ಒಂದು ಉಕ್ಕಿನ ಸ್ಪ್ರಿಂಗ್ ಪಟ್ಟಿ ಇರುತ್ತದೆ. ಅಲಗಿನ ಬುಡದಲ್ಲಿ ಸಮತಟ್ಟಾದ ಮುಖಗಳಿರುತ್ತವೆ. ತೆರೆದಾಗ ಒಂದು ಮುಖ, ಮುಚ್ಚಿದಾಗ ಇನ್ನೊಂದು ಮುಖ ಸ್ಪ್ರಿಂಗಿಗೆ ಒತ್ತಿಕೊಂಡು ಕೂರುತ್ತದೆ. ಅಷ್ಟೇ, ಲಾಕ್ ಇಲ್ಲ. ಉಗುರು ಸಿಕ್ಕಿಸಲು ಅಲಗಿನ ಮೇಲೆ ಸಣ್ಣ ಗೀರು, ಹಿಡಿಯ ಒಳಗೆ ಹಿತ್ತಾಳೆ ತಗಡು, ಹೊರಗೆ ಮೂಳೆ, ಕೊಂಬು ಅಥವಾ ಮರ. ಇದಕ್ಕಿಂತ ಸರಳವಾದದ್ದು ಸ್ಪ್ರಿಂಗೇ ಇಲ್ಲದೆ ಬರೀ ಕೀಲಿನ ಬಿಗಿಯ ಮೇಲೆ ನಿಲ್ಲುವ ಚಾಕು. ಮಡಚುವ ಚಾಕು ಎಷ್ಟು ಹಳೆಯದೆಂದರೆ, ಆಸ್ಟ್ರಿಯಾದ ಹಾಲ್‌ಸ್ಟಾಟ್‌ನಲ್ಲಿ ಸಿಕ್ಕ ಮೂಳೆ ಹಿಡಿಯ ಚಾಕುವಿಗೆ ಸುಮಾರು 2500 ವರ್ಷ ವಯಸ್ಸು. ಬೆನ್ನಿನ ಸ್ಪ್ರಿಂಗ್ ಬಹಳ ತಡವಾಗಿ, 17ನೇ ಶತಮಾನದಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಂಥ ಊರುಗಳಲ್ಲಿ ರೂಢಿಗೆ ಬಂತು.

ಲಾಕ್ ಇಲ್ಲ ಅಂತೀರಿ. ಬೆರಳ ಮೇಲೆ ಮುಚ್ಚಿಕೊಳ್ಳಲ್ವಾ?

ತಪ್ಪಾಗಿ ಬಳಸಿದರೆ ಖಂಡಿತ ಮುಚ್ಚಿಕೊಳ್ಳುತ್ತದೆ. ಕುಯ್ಯುವಾಗ ಬಲ ಬೀಳುವುದು ಅಲಗಿನ ಬಾಯಿಯ ಮೇಲೆ, ಅದು ಅಲಗನ್ನು ಇನ್ನಷ್ಟು ತೆರೆಯುವ ದಿಕ್ಕು. ಅಪಾಯವಿರುವುದು ಮೊನೆಯಿಂದ ಚುಚ್ಚಿ ತಳ್ಳುವಾಗ, ಇಲ್ಲವೇ ಸಿಕ್ಕಿಕೊಂಡ ಅಲಗನ್ನು ಅಲುಗಾಡಿಸಿ ಎಳೆಯುವಾಗ. ಆ ಎರಡನ್ನೂ ಈ ಚಾಕುವಿನಲ್ಲಿ ಮಾಡಬೇಡಿ. ಲಾಕ್ ಇದ್ದ ಚಾಕುವಿನಲ್ಲೂ ಲಾಕನ್ನೇ ನಂಬಿ ಹಾಗೆ ಮಾಡುವುದು ಜಾಣತನವಲ್ಲ.

ಯಾರಾದರೂ ನೋಡಿದರೆ ಏನಂದುಕೊಳ್ತಾರೋ ಅಂತ ಮುಜುಗರ. ನಿಮಗೆ ಆಗಲ್ವಾ?

ಇಲ್ಲೇ ಪುಟ್ಟ ಹಳೇ ನಮೂನೆಯ ಚಾಕು ಗೆಲ್ಲುವುದು. ಕಪ್ಪು ಬಣ್ಣದ, ಒಂದೇ ಕೈಯಲ್ಲಿ ಚಟ್ಟನೆ ತೆರೆಯುವ ಚಾಕು ಕಂಡರೆ ಪಕ್ಕದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಅದೇ, ಕಂದು ಮೂಳೆಯ ಹಿಡಿ ಹೊರಗೆ ತೆಗೆದು, ಎರಡೂ ಕೈ ಹಚ್ಚಿ ನಿಧಾನಕ್ಕೆ ಬಿಡಿಸಿದರೆ “ನಮ್ಮ ತಾತನ ಹತ್ರಾನೂ ಇಂಥದ್ದೇ ಇತ್ತು” ಅಂತ ಹತ್ತಿರ ಬರುತ್ತಾರೆ. ತೆರೆಯಲು ಎರಡು ಕೈ ಬೇಕೆನ್ನುವುದನ್ನು ಕೊರತೆ ಅಂತ ಹೇಳುವವರಿದ್ದಾರೆ. ನನಗೆ ಅದೇ ಇದರ ಸೊಗಸು.

ಒಂದೆರಡು ರೀತಿ-ನೀತಿ ಮಾತ್ರ ಇರಲಿ. ಮಾತಾಡುತ್ತಾ ಸುಮ್ಮನೆ ತೆರೆದು ಮುಚ್ಚಿ ಆಡಬೇಡಿ. ಇನ್ನೊಬ್ಬರಿಗೆ ಕೊಡುವಾಗ ಮುಚ್ಚಿ ಕೊಡಿ.

ಇಟ್ಟುಕೊಂಡು ಓಡಾಡೋದು ಕಾನೂನಿಗೆ ವಿರುದ್ಧ ಅಲ್ವಾ? ವಿಮಾನದಲ್ಲಿ?

ದೇಶಕ್ಕೊಂದು ಕಾನೂನು. ನೀವಿರುವಲ್ಲಿ ಏನಿದೆ ಅಂತ ನೀವೇ ಓದಿಕೊಳ್ಳಬೇಕು, ನನ್ನ ಮಾತಿನ ಮೇಲೆ ಹೋಗಬೇಡಿ. ಆದರೆ ಒಂದು ವಿಷಯ ಗಮನಿಸುವಂಥದ್ದು: ಎಷ್ಟೋ ಕಾನೂನುಗಳು ಲಾಕ್ ಇರುವ ಮತ್ತು ಇಲ್ಲದ ಚಾಕುಗಳನ್ನು ಬೇರೆ ಬೇರೆಯಾಗಿ ನೋಡುತ್ತವೆ. ಇಂಗ್ಲೆಂಡಿನ 1988ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯಲ್ಲಿ, ಬಾಯಿ 3 ಇಂಚಿಗೆ ಮೀರದ ಮಡಚುವ ಚಾಕುವನ್ನು ಕಾರಣ ಕೊಡದೆಯೂ ಸಾರ್ವಜನಿಕ ಸ್ಥಳದಲ್ಲಿ ಇಟ್ಟುಕೊಳ್ಳಬಹುದು. ಲಾಕ್ ಆಗುವ ಚಾಕುವಿಗೆ ಈ ವಿನಾಯಿತಿ ಇಲ್ಲವೆಂದು ಅಲ್ಲಿನ ನ್ಯಾಯಾಲಯಗಳು ಹೇಳಿವೆ. ಜರ್ಮನಿಯ ಆಯುಧ ಕಾಯ್ದೆಯೂ ಒಂದೇ ಕೈಯಲ್ಲಿ ತೆರೆದು ಲಾಕ್ ಆಗುವ ಚಾಕುಗಳ ಮೇಲೆ ಬಿಗಿ ಹಿಡಿದಿದೆ. ಹೀಗಾಗಿ ಶತಮಾನಗಳಷ್ಟು ಹಳೆಯ ವಿನ್ಯಾಸವೇ ಎಷ್ಟೋ ಕಡೆ ಸುರಕ್ಷಿತ ಆಯ್ಕೆ. ಅಂದಮಾತ್ರಕ್ಕೆ ಶಾಲೆ, ನ್ಯಾಯಾಲಯ, ಕ್ರೀಡಾಂಗಣಕ್ಕೆ ಒಯ್ಯಬಹುದು ಅಂತಲ್ಲ.

ವಿಮಾನದ ಕ್ಯಾಬಿನ್ನಿಗೆ ಬೇಡ. 2013ರ ಮಾರ್ಚಿನಲ್ಲಿ ಅಮೆರಿಕದ ಸಾರಿಗೆ ಭದ್ರತಾ ಸಂಸ್ಥೆ ಸುಮಾರು 6 ಸೆಂ.ಮೀ. ಒಳಗಿನ, ಲಾಕ್ ಇಲ್ಲದ ಚಾಕುಗಳನ್ನು ಬಿಡುತ್ತೇವೆ ಅಂದಿತ್ತು. ಗಗನಸಖಿಯರಿಂದ ಹಿಡಿದು ಎಲ್ಲರೂ ವಿರೋಧಿಸಿದ ಮೇಲೆ ಜೂನ್‌ನಲ್ಲಿ ಕೈಬಿಟ್ಟಿತು. ಹೊರಡುವ ಹಿಂದಿನ ರಾತ್ರಿಯೇ ಜೇಬು, ಕೀಲಿಗೊಂಚಲು ಎರಡನ್ನೂ ತಡವಿ ನೋಡಿ. ಎಷ್ಟೋ ಒಳ್ಳೆಯ ಚಾಕುಗಳು ಭದ್ರತಾ ತಪಾಸಣೆಯ ಡಬ್ಬಿ ಸೇರಿವೆ.

ಮಗಳಿಗೆ ಹತ್ತು ವರ್ಷ, ಚಾಕು ಬೇಕಂತಾಳೆ. ಕೊಡಿಸಲಾ?

ನೀವು ಪಕ್ಕದಲ್ಲಿ ಕೂರುವುದಾದರೆ ಕೊಡಿಸಿ. ಕೊಡಿಸಿ ಸುಮ್ಮನಾಗುವುದಾದರೆ ಬೇಡ. ಸ್ಕೌಟ್‌ಗಳು ಕಲಿಸುವ ಒಂದು ಪಾಠ ಒಳ್ಳೆಯದು: ಮುಚ್ಚಿದ ಚಾಕು ಹಿಡಿದು ಕೈ ಚಾಚಿ ಸುತ್ತಲೂ ತಿರುಗು, ಆ ವೃತ್ತದೊಳಗೆ ಯಾರೂ ಇಲ್ಲದಿದ್ದರೆ ಮಾತ್ರ ತೆರೆ. ಉಳಿದದ್ದು ಮೂರೇ ಮಾತು: ಕೂತು ಕೆತ್ತು, ಮೈಯಿಂದ ಹೊರಕ್ಕೆ ಕೆತ್ತು, ನಡೆಯುವಾಗ ಮುಚ್ಚಿಡು. ಮಕ್ಕಳಿಗೆಂದೇ ಮೊನೆ ದುಂಡಾಗಿರುವ ಅಲಗಿನ ಚಾಕುಗಳು ಬರುತ್ತವೆ. ಮೊಂಡು ಚಾಕು ಕೊಟ್ಟರೆ ಕ್ಷೇಮ ಅಂದುಕೊಳ್ಳಬೇಡಿ. ಮೊಂಡಾಗಿದ್ದರೆ ಮಗು ಜೋರಾಗಿ ಒತ್ತುತ್ತದೆ, ಜೋರಾಗಿ ಒತ್ತಿದಾಗಲೇ ಜಾರುವುದು.

## ಕೊಳ್ಳುವಾಗ

ಮೊದಲನೇ ಚಾಕು ಯಾವುದು ತಗೊಳ್ಳಲಿ? ಒಂದೇ ಹೆಸರು ಹೇಳಿ.

ಒಂದೇ ಹೇಳಬೇಕೆಂದರೆ ಒಪಿನೆಲ್. ಫ್ರಾನ್ಸಿನ ಸವಾಯ್ ಪ್ರಾಂತ್ಯದ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ಚಾಕು ಇದು. ಒಂದು ಅಲಗು, ಬೀಚ್ ಮರದ ದುಂಡನೆ ಹಿಡಿ, ಕತ್ತಿನಲ್ಲೊಂದು ಲೋಹದ ಪಟ್ಟಿ, ಕೀಲಿಗೊಂದು ಮೊಳೆ, ಮುಗಿಯಿತು. 1897ರಲ್ಲಿ ಅಳತೆಗಳಿಗೆ 1ರಿಂದ 12ರವರೆಗೆ ನಂಬರು ಕೊಟ್ಟರು. 1 ಮತ್ತು 11 ಆಮೇಲೆ ನಿಂತುಹೋದವು. ಕತ್ತಿನಲ್ಲಿ ತಿರುಗಿಸುವ ಬಳೆ ಬಂದದ್ದು 1955ರಲ್ಲಿ. 6ನೇ ನಂಬರಿನಿಂದ ಮೇಲೆ ಆ ಬಳೆ ಇದೆ, ಚಿಕ್ಕವಕ್ಕೆ ಇಲ್ಲ. ಎಲ್ಲರೂ ಕೊಳ್ಳುವುದು 8ನೇ ನಂಬರು, ಅಲಗು 8.5 ಸೆಂ.ಮೀ. ಜೇಬಿಗೆ ಅದು ದೊಡ್ಡದಾಯಿತು ಅಂತ ನನ್ನ ಅಭಿಪ್ರಾಯ, 6 ತಗೊಳ್ಳಿ. ತೆಳ್ಳಗಿನ ಅಲಗು, ಹಣ್ಣಿನೊಳಗೆ ಸಲೀಸಾಗಿ ಇಳಿಯುತ್ತದೆ. ಬಳೆ ತಿರುಗಿಸಿದರೆ ಲಾಕ್ ಆಗುತ್ತದೆಂಬುದು ಮಾತ್ರ ನೆನಪಿರಲಿ, ಮೇಲೆ ಹೇಳಿದ ಕಾನೂನಿನ ಲೆಕ್ಕ ಅಲ್ಲಿ ಬದಲಾಗುತ್ತದೆ.

ಹಲವು ಕೆಲಸಕ್ಕೆ ಬೇಕೆಂದರೆ ಸ್ವಿಸ್ ಚಾಕು. ಇಬಾಖ್ ಊರಿನ ಕಾರ್ಲ್ ಎಲ್ಸನರ್ 1891ರಲ್ಲಿ ಸ್ವಿಸ್ ಸೇನೆಗೆ ಸೈನಿಕರ ಚಾಕು ಒದಗಿಸಲು ಶುರುಮಾಡಿದ. ಆಗಿನ ಬಂದೂಕನ್ನು ಬಿಚ್ಚಲು ಸ್ಕ್ರೂಡ್ರೈವರ್ ಬೇಕಿತ್ತು, ಡಬ್ಬಿ ತೆರೆಯಲು ಓಪನರ್ ಬೇಕಿತ್ತು, ಎರಡನ್ನೂ ಒಂದೇ ಹಿಡಿಗೆ ಸೇರಿಸಿದ್ದು ಅದಕ್ಕೆ. ಆ ಚಾಕು ಭಾರ. 1897ರಲ್ಲಿ ಆತ ನೋಂದಾಯಿಸಿದ ಅಧಿಕಾರಿಗಳ ಚಾಕು ಹಗುರ, ಅದರಲ್ಲಿ ಒಂದೇ ಸ್ಪ್ರಿಂಗು ಹಿಡಿಯ ಎರಡೂ ಬದಿಯ ಉಪಕರಣಗಳನ್ನು ಹಿಡಿದಿಡುತ್ತದೆ. ಇಂದು ಕಾಣುವ ಕೆಂಪು ಚಾಕುಗಳೆಲ್ಲ ಅದರ ವಂಶ. ಆತನ ಕಂಪನಿ ವಿಕ್ಟೋರಿನಾಕ್ಸ್‌ನ ಹೆಸರಿನ ಮೊದಲರ್ಧ ಎಲ್ಸನರ್‌ನ ತಾಯಿ ವಿಕ್ಟೋರಿಯಾಳದು, ಉಳಿದರ್ಧ ತುಕ್ಕು ಹಿಡಿಯದ ಉಕ್ಕಿನ ಫ್ರೆಂಚ್ ಹೆಸರು ಇನಾಕ್ಸ್. 58 ಮಿ.ಮೀ. ಉದ್ದದ ಕ್ಲಾಸಿಕ್ ಎಂಬ ಮಾದರಿ ಕೀಲಿಗೊಂಚಲಿನಲ್ಲಿ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಅದರ ಪುಟಾಣಿ ಕತ್ತರಿಯೊಂದಕ್ಕೇ ಕೊಂಡ ದುಡ್ಡು ಸಾರ್ಥಕ.

ಇನ್ನೂ ಸರಳ ಬೇಕೆಂದರೆ ಜಪಾನಿನ ಮಿಕಿ ಪಟ್ಟಣದ ಹಿಗೊನೊಕಾಮಿ: ಮಡಿಸಿದ ಹಿತ್ತಾಳೆ ತಗಡಿನ ಹಿಡಿ, ಸ್ಪ್ರಿಂಗ್ ಇಲ್ಲ, ಅಲಗಿನ ಬಾಲವೊಂದು ಹೊರಗೆ ಚಾಚಿರುತ್ತದೆ. ಆ ಬಾಲವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದಷ್ಟು ಹೊತ್ತು ಅಲಗು ಮುಚ್ಚುವುದಿಲ್ಲ. ಅಮೆರಿಕದ ಕೇಸ್ ಕಂಪನಿಯ ಪೀನಟ್ ಮುಚ್ಚಿದಾಗ ಏಳು ಸೆಂಟಿಮೀಟರ್ ಚಿಲ್ಲರೆ, ಎರಡು ಅಲಗು. ಮೂಳೆಯ ಹಿಡಿ, ಸ್ಪ್ರಿಂಗಿನ ಟಕ್ ಸದ್ದು ಇವೆಲ್ಲ ಬೇಕೆನ್ನುವವರು ಇಲ್ಲಿಂದ ಶುರುಮಾಡಬಹುದು.

ಲಾಗಿಯೋಲ್ ಅಂತ ಎಲ್ಲಾ ಕಡೆ ಮಾರ್ತಾರೆ. ಅಸಲಿ ಯಾವುದು?

ಲಾಗಿಯೋಲ್ ಫ್ರಾನ್ಸಿನ ಅವೆರೋನ್ ಭಾಗದ ಒಂದು ಹಳ್ಳಿ. ಚಾಕು ಹುಟ್ಟಿದ್ದು ಅಲ್ಲಿ, 19ನೇ ಶತಮಾನದ ಮೊದಲ ಭಾಗದಲ್ಲಿ. ಆಮೇಲೆ ತಯಾರಿಕೆಯೆಲ್ಲ ಚಾಕುಗಳ ಊರಾದ ತಿಯೇರ್‌ಗೆ ಹೋಯಿತು. 1987ರಲ್ಲಿ ಹಳ್ಳಿಯಲ್ಲೇ ಮತ್ತೆ ಕಾರ್ಖಾನೆ ಶುರುವಾಯಿತು. ಈ ನಡುವೆ ಹೆಸರು ಒಂದು ಬಗೆಯ ಆಕಾರದ ಹೆಸರಾಗಿಬಿಟ್ಟಿತ್ತು, ಯಾರು ಬೇಕಾದರೂ ಹಾಕಿಕೊಳ್ಳುತ್ತಿದ್ದರು. 1993ರಲ್ಲಿ ಹೊರಗಿನ ವ್ಯಾಪಾರಿಯೊಬ್ಬ ಆ ಹೆಸರನ್ನು ಹಲವು ಬಗೆಯ ಸಾಮಾನಿಗೆ ನೋಂದಾಯಿಸಿಕೊಂಡ, ಹಳ್ಳಿ ವರ್ಷಗಟ್ಟಲೆ ಕೋರ್ಟು ಅಲೆಯಿತು. ಹೀಗಾಗಿ ಅಲಗಿನ ಮೇಲೆ ಹೆಸರಿದೆ, ಸ್ಪ್ರಿಂಗಿನ ತುದಿಯಲ್ಲಿ ಜೇನುನೊಣ ಕೂತಿದೆ ಅಂತ ಮೋಸಹೋಗಬೇಡಿ. ತಯಾರಕರು ಯಾರು, ಯಾವ ಊರು ಅಂತ ಕೇಳಿ.

ಕೊಂಡ ಮೇಲೆ ಇನ್ನೊಂದು ಮಾತು: ಈ ಚಾಕುವನ್ನು ಟಪ್ಪನೆ ಮುಚ್ಚಬಾರದು. ಹಲವು ಲಾಗಿಯೋಲ್‌ಗಳಲ್ಲಿ ಅಲಗಿನ ಬಾಯಿ ಒಳಗಿನ ಸ್ಪ್ರಿಂಗಿಗೆ ಬಡಿದು ಕಚ್ಚು ಬೀಳುತ್ತದೆ. ಬೆರಳಿನಿಂದ ಹಿಡಿದು ಕೊನೆಯವರೆಗೂ ಇಳಿಸಬೇಕು.

ಮೂರು ಮೂರು ಅಲಗು ಯಾಕೆ? ಒಂದು ಸಾಲದಾ?

ಸಾಲುತ್ತದೆ. ಆದರೆ ಹಳೆಯ ಮಾದರಿಗಳೆಲ್ಲ ಯಾವುದೋ ಕಸುಬಿನವರಿಗಾಗಿ ಹುಟ್ಟಿದವು. ದನ ಕಾಯುವವರ ಸ್ಟಾಕ್‌ಮನ್ ಮಾದರಿಯಲ್ಲಿ ಮೂರು ಅಲಗು: ಚೂಪು ಮೊನೆಯ ದೊಡ್ಡದು ಎಲ್ಲ ಕೆಲಸಕ್ಕೆ, ನೇರ ಬಾಯಿಯದು ಒತ್ತಿ ಕುಯ್ಯಲು, ಮೊನೆ ಮೊಂಡಾದ ಸಣ್ಣದು ಹೋರಿಗಳ ಬೀಜ ತೆಗೆಯಲು. ಕೊನೆಯದು ಈಗ ಲಕೋಟೆ ಬಿಡಿಸುತ್ತಿದೆ. ಪೆನ್‌ನೈಫ್ ಅನ್ನುವುದು ಹಕ್ಕಿಯ ಗರಿಯನ್ನು ಲೇಖನಿಯಾಗಿ ಕೆತ್ತುತ್ತಿದ್ದ ಚಾಕು. ಒಂದು ಅಲಗಿನ ಚಾಕು ತೆಳ್ಳಗಿರುತ್ತದೆ, ಜೇಬಿನಲ್ಲಿ ಹಾಯಾಗಿರುತ್ತದೆ. ಎರಡು ಇದ್ದರೆ ಒಂದನ್ನು ಹಣ್ಣಿಗೆ, ಇನ್ನೊಂದನ್ನು ಟೇಪು-ರಟ್ಟಿನ ಕೊಳಕು ಕೆಲಸಕ್ಕೆ ಮೀಸಲಿಡಬಹುದು. ನಾನು ಎರಡರ ಪಕ್ಷ.

ಕಾರ್ಬನ್ ಸ್ಟೀಲಾ, ಸ್ಟೇನ್‌ಲೆಸ್ಸಾ?

ಬೆವರುವ ಮೈ, ಸಮುದ್ರದ ಗಾಳಿ, ಒರೆಸಲು ಸೋಮಾರಿತನ ಈ ಮೂರರಲ್ಲಿ ಒಂದಿದ್ದರೂ ಸ್ಟೇನ್‌ಲೆಸ್. ಇಲ್ಲದಿದ್ದರೆ ಕಾರ್ಬನ್. ಸಾಣೆಗೆ ಬೇಗ ಬಗ್ಗುತ್ತದೆ, ಬಾಯಿ ನವಿರಾಗಿ ಬರುತ್ತದೆ, ಬಳಸಿದ ಗುರುತು ಮೈಮೇಲೆ ಉಳಿಯುತ್ತದೆ. ತುಕ್ಕಿಗೆ ಎದುರು ನಿಲ್ಲುವುದು ಕ್ರೋಮಿಯಂ. ಸ್ಟೇನ್‌ಲೆಸ್‌ನಲ್ಲಿ ಅದು ಶೇ. 12ರ ಆಸುಪಾಸಿನಿಂದ ಮೇಲಿರುತ್ತದೆ, ಸಾದಾ ಕಾರ್ಬನ್ ಉಕ್ಕಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಉಕ್ಕಿನ ಹೆಸರಿಗಿಂತ ಅದನ್ನು ಕಾಯಿಸಿ ತಣಿಸಿ ಕೊಟ್ಟ ಹದ ಮುಖ್ಯ. ಒಳ್ಳೆ ಹದದ ಸಾಧಾರಣ ಉಕ್ಕು, ಹದಗೆಟ್ಟ ದುಬಾರಿ ಉಕ್ಕಿಗಿಂತ ಎಷ್ಟೋ ವಾಸಿ.

## ಬಳಕೆ, ಆರೈಕೆ

ಹೊಸ ಚಾಕು ಸೇಬು ಹೆಚ್ಚಿದ್ದಕ್ಕೇ ಕಪ್ಪಾಯ್ತು. ತುಕ್ಕು ಹಿಡೀತಾ?

ಗಾಬರಿ ಬೇಡ. ಹಣ್ಣಿನ ಹುಳಿ ಕಾರ್ಬನ್ ಉಕ್ಕಿನ ಮೇಲೆ ಬೂದು, ನೀಲಿ, ಕೆಲವೊಮ್ಮೆ ನೇರಳೆ ಬಣ್ಣದ ತೆಳು ಪದರ ಕಟ್ಟುತ್ತದೆ. ಅದು ಗಟ್ಟಿಯಾಗಿ ಅಂಟಿ ಕೂತು, ಕೆಂಪು ತುಕ್ಕನ್ನು ಸ್ವಲ್ಪಮಟ್ಟಿಗೆ ತಡೆಯುತ್ತದೆ. ಪರೀಕ್ಷೆ ಸುಲಭ: ಬೆರಳಿಂದ ಉಜ್ಜಿದಾಗ ಕೈಗೆ ಕೆಂಪು-ಕಿತ್ತಳೆ ಪುಡಿ ಹತ್ತಿದರೆ ತುಕ್ಕು, ಏನೂ ಹತ್ತದಿದ್ದರೆ ಪದರ. ತುಕ್ಕಾದರೆ ಒಂದು ಹನಿ ಎಣ್ಣೆ ಹಾಕಿ ನವಿರು ಉಕ್ಕಿನ ನಾರಿನಿಂದ ಅಲ್ಲಷ್ಟೇ ಉಜ್ಜಿ. ಕಲೆಯನ್ನು ಕಂಡು ಕಂಡು ತಿಕ್ಕುವವರು ಪ್ರತಿ ಸಲ ಮೊದಲಿಂದ ಶುರುಮಾಡಿದಂತೆ. ಕೊನೆಗೆ ಎಲ್ಲೆಡೆ ಒಂದೇ ಸಮನೆ ಬೂದಾಗುತ್ತದೆ, ಬಿಡಿ.

ಸಾಣೆ ಹಿಡಿಯೋಕೆ ಬರಲ್ಲ. ಕಲಿಯೋದು ಕಷ್ಟಾನಾ?

ಒಂದು ಸಂಜೆಯ ಕೆಲಸ. ಕೈ ಪಳಗಲು ಇನ್ನಷ್ಟು ದಿನ ಹಿಡಿಯಬಹುದು. 1000 ನಂಬರಿನ ನೀರುಗಲ್ಲು, ಅಂದರೆ ನೀರು ಹಾಕಿ ಉಜ್ಜುವ ಸಾಣೆಕಲ್ಲು, ಒಂದಿದ್ದರೆ ಸಾಕು. ಅಲಗನ್ನು ಕಲ್ಲಿಗೆ 15ರಿಂದ 20 ಡಿಗ್ರಿ ಓರೆ ಹಿಡಿಯಿರಿ. ಕೋನ ಅಳೆಯಬೇಕಿಲ್ಲ, ಉದ್ದಕ್ಕೂ ಅದೇ ಕೋನ ಉಳಿಸಿಕೊಳ್ಳುವುದೇ ಮುಖ್ಯ. ಬಾಯಿಗೆ ಮಾರ್ಕರ್ ಪೆನ್ನಿನಿಂದ ಬಣ್ಣ ಬಳಿದು ನಾಲ್ಕು ಸಲ ಎಳೆದು ನೋಡಿ. ತುದಿಯಂಚಿನ ಬಣ್ಣ ಉಳಿದಿದ್ದರೆ ತೀರಾ ಮಲಗಿಸಿದ್ದೀರಿ, ತುದಿಯಲ್ಲಿ ಮಾತ್ರ ಹೋಗಿದ್ದರೆ ತೀರಾ ನಿಲ್ಲಿಸಿದ್ದೀರಿ.

ಒಂದು ಬದಿ ಉಜ್ಜುತ್ತಾ ಹೋದರೆ ಇನ್ನೊಂದು ಬದಿಯಲ್ಲಿ ಕೂದಲೆಳೆಯಂಥ ಏಣು ಎದ್ದು ಬೆರಳಿಗೆ ತೊಡಕುತ್ತದೆ. ಅದು ಬುಡದಿಂದ ಮೊನೆಯವರೆಗೂ ಎದ್ದ ಮೇಲೆಯೇ ಬದಿ ಬದಲಿಸಬೇಕು. ಹೊಸಬರಿಗೆ ಕೆಲಸ ಹತ್ತದಿರುವುದು ಬಹುಪಾಲು ಇಲ್ಲೇ, ಏಣು ಏಳುವ ಮೊದಲೇ ತಿರುಗಿಸಿಬಿಡುತ್ತಾರೆ. ಕೊನೆಗೆ ಭಾರ ಹಾಕದೆ ಅತ್ತ ಇತ್ತ ನಾಲ್ಕು ಸಲ ಎಳೆದು, ಹಳೆಯ ಚರ್ಮದ ಬೆಲ್ಟಿನ ಒಳಮೈ ಮೇಲೆ ಬಾಯಿ ಹಿಂದಾಗಿ ಸವರಿ. ಮೋಟಾರಿನ ಸಾಣೆಚಕ್ರಕ್ಕೆ ಪುಟ್ಟ ಚಾಕು ಕೊಡಲೇಬೇಡಿ. ತೆಳುವಾದ ಅಲಗು ಕ್ಷಣದಲ್ಲಿ ಕಾದು ಹದ ಕಳೆದುಕೊಳ್ಳುತ್ತದೆ.

ತೆರೆಯೋಕೆ ಹೋದರೆ ಉಗುರೇ ಕಿತ್ತು ಬರುತ್ತೆ. ಏನು ಮಾಡಲಿ?

ಸ್ಪ್ರಿಂಗಿನ ಚಾಕುವಾದರೆ ಕೀಲಿನಲ್ಲಿ ಜೇಬಿನ ದಾರದ ತುಣುಕು, ಧೂಳು ಕೂತಿರುತ್ತದೆ. ಬೆಚ್ಚನೆ ಸೋಪುನೀರಿನಲ್ಲಿ ತೆರೆದು ಮುಚ್ಚಿ ತೊಳೆದು, ಚೆನ್ನಾಗಿ ಒಣಗಿಸಿ, ಕೀಲಿಗೆ ಒಂದು ಹನಿ ಮಿನರಲ್ ಎಣ್ಣೆ ಬಿಡಿ. ಅಡುಗೆ ಎಣ್ಣೆ ಬೇಡ, ಒಂದೆರಡು ತಿಂಗಳಲ್ಲಿ ಜಿಗುಟಾಗಿ ಇನ್ನೂ ಬಿಗಿಯುತ್ತದೆ. ಒಪಿನೆಲ್ ಆದರೆ ಮರ ನೀರು ಕುಡಿದು ಉಬ್ಬಿರುತ್ತದೆ. ಬಳೆ ಬಿಡಿಸಿ, ಹಿಡಿಯ ಹಿಂತುದಿಯನ್ನು ಮೇಜಿನಂಚಿಗೆ ಮೆಲ್ಲಗೆ ಬಡಿದರೆ ಅಲಗು ತಾನೇ ಇಣುಕುತ್ತದೆ. ಸವಾಯ್ ಸೀಮೆಯವರ ಉಪಾಯ ಇದು.

## ಹುಚ್ಚು ಹತ್ತಿದ ಮೇಲೆ

ಕೈಯಲ್ಲಿ ಹಿಡಿದ ಕೂಡಲೇ ಒಳ್ಳೇ ಚಾಕು ಅಂತೀರಲ್ಲ, ಏನು ನೋಡ್ತೀರಿ?

ನಡೆ ಮತ್ತು ನುಡಿ. ಗೀರಿಗೆ ಉಗುರು ಕೊಟ್ಟು ಎತ್ತಿದಾಗ ಅಲಗು ಒರಟಾಗಿ ತಡವರಿಸದೆ, ಒಂದೇ ಬಿಗಿಯಲ್ಲಿ ಮೇಲೇಳಬೇಕು. ಕೆಲವದರಲ್ಲಿ ಅರ್ಧ ದಾರಿಯಲ್ಲಿ, ಸರಿಯಾಗಿ ತೊಂಬತ್ತು ಡಿಗ್ರಿಗೆ, ಒಂದು ನಿಲುಗಡೆ ಇರುತ್ತದೆ. ಅಲ್ಲಿಂದ ದಾಟಿಸಿದರೆ ಉಳಿದ ದೂರವನ್ನು ಸ್ಪ್ರಿಂಗೇ ಎಳೆದುಕೊಂಡು ಟಕ್ ಎನ್ನಬೇಕು. ಆ ಸದ್ದು ಮಂದವಾಗಿದ್ದರೆ ಸ್ಪ್ರಿಂಗು ಬಳಲಿದೆ ಎಂದೋ, ಒಳಗೆ ಕೊಳೆ ತುಂಬಿದೆ ಎಂದೋ ಅರ್ಥ.

ಆಮೇಲೆ ಚಾಕುವನ್ನು ಬೆಳಕಿಗೆ ಹಿಡಿಯಿರಿ. ಸ್ಪ್ರಿಂಗಿಗೂ ಪಕ್ಕದ ಹಿತ್ತಾಳೆ ತಗಡಿಗೂ ನಡುವೆ ಬೆಳಕು ತೂರಿದರೆ ಜೋಡಣೆ ಸಡಿಲ. ತೆರೆದಿದ್ದಾಗ, ಅರ್ಧ ತೆರೆದಿದ್ದಾಗ, ಮುಚ್ಚಿದಾಗ ಮೂರು ಸ್ಥಿತಿಯಲ್ಲೂ ಸ್ಪ್ರಿಂಗು ಹಿಡಿಯ ಬೆನ್ನಿಗೆ ಸಮವಾಗಿದ್ದರೆ, ಬೆರಳು ಎಲ್ಲೂ ಎಡವದಿದ್ದರೆ, ಮಾಡಿದವರ ಕೈ ನುರಿತದ್ದು. ಬುಡದ ಒಂದೆರಡು ಎಳೆ ಲೋಹವನ್ನು ಅರದಿಂದ ತೆಗೆಯುವುದರಲ್ಲಿ ಇದೆಲ್ಲ ನಿಂತಿದೆ. ಶೆಫೀಲ್ಡ್‌ನಲ್ಲಿ ಇಂಥ ಕೆಲಸ ಮಾಡುತ್ತಿದ್ದ ಸ್ವತಂತ್ರ ಕುಶಲಕರ್ಮಿಗಳನ್ನು ಲಿಟಲ್ ಮೆಸ್ಟರ್ ಅನ್ನುತ್ತಿದ್ದರು. ಅವರಲ್ಲಿ ಹೆಸರಾದ ಸ್ಟ್ಯಾನ್ ಶಾ ಹುಡುಗನಾಗಿದ್ದಾಗಲೇ ಕೆಲಸಕ್ಕೆ ಸೇರಿ, 2021ರಲ್ಲಿ ತೀರಿಕೊಳ್ಳುವ ಕೆಲವೇ ವರ್ಷ ಮುಂಚಿನವರೆಗೂ ಮಡಚುವ ಚಾಕು ಮಾಡುತ್ತಿದ್ದವರು.

ಮೂಳೆ, ಕೊಂಬು, ದಂತ... ಹಿಡಿಗೆ ಇದೆಲ್ಲ ಸರೀನಾ?

ದನದ ಮೂಳೆ ಮಾಂಸೋದ್ಯಮದ ಉಳಿಕೆ, ಅದಕ್ಕೆ ತಕರಾರು ಕಡಿಮೆ. ಆನೆದಂತ ಬೇಡವೇ ಬೇಡ. ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅಳಿವಿನಂಚಿನ ಜೀವಿಗಳ ವ್ಯಾಪಾರದ ಕುರಿತಾದ ಸೈಟಿಸ್ ಒಪ್ಪಂದದ 1989ರ ತೀರ್ಮಾನ ತಡೆ ಹಾಕಿತು. ಹಳೆಯ ದಂತದ ಚಾಕು ಕೊಳ್ಳುವಾಗಲೂ ಕಾನೂನಿನ ತೊಡಕು ಇದ್ದೇ ಇದೆ. ಶೆಫೀಲ್ಡ್‌ನವರು ಮೆಚ್ಚುತ್ತಿದ್ದ ಕೊಂಬು ಕಡವೆಯದು. ಒಳಗೆಲ್ಲ ಗಟ್ಟಿ, ಹೊರಮೈ ಒರಟು, ಕೈಗೆ ಚೆನ್ನಾಗಿ ಕಚ್ಚುತ್ತದೆ. ಭಾರತದಿಂದ ಅದರ ರಫ್ತು ನಿಂತ ಮೇಲೆ ಬೇರೆ ಜಿಂಕೆಗಳ ಕೊಂಬು ಬಳಕೆಗೆ ಬಂತು. ಮನಸ್ಸಿಗೆ ಕಿರಿಕಿರಿಯಾದರೆ ಮರವಿದೆ. ಬಾಕ್ಸ್‌ವುಡ್, ಎಬನಿ, ಆಲಿವ್ ಯಾವುದೂ ಕಡಿಮೆಯದಲ್ಲ.

ಹಳೇ ಚಾಕುವಿನ ವಯಸ್ಸು ಹೇಗೆ ಪತ್ತೆ ಮಾಡೋದು?

ಅಲಗಿನ ಬುಡ ಓದಿ. ಅಮೆರಿಕದ 1890ರ ಸುಂಕದ ಕಾಯ್ದೆಯ ಪ್ರಕಾರ ಆ ದೇಶಕ್ಕೆ ಬರುವ ಸಾಮಾನಿನ ಮೇಲೆ ತಯಾರಾದ ದೇಶದ ಹೆಸರು ಇರಬೇಕಾಯಿತು. ಆದ್ದರಿಂದ ‘ಇಂಗ್ಲೆಂಡ್’ ಎಂಬ ಮುದ್ರೆ ಸಾಮಾನ್ಯವಾಗಿ ಅಲ್ಲಿಂದೀಚಿನದು. ಕಿರೀಟದ ಜೊತೆ ‘ವಿ ಆರ್’ ಅಕ್ಷರಗಳಿದ್ದರೆ ರಾಣಿ ವಿಕ್ಟೋರಿಯಾ ಕಾಲ, ಅಂದರೆ 1837ರಿಂದ 1901ರ ನಡುವಿನದು ಎಂಬ ಸುಳಿವು. ಕೇಸ್ ಚಾಕುಗಳದ್ದು ಇನ್ನೂ ಸಲೀಸು: 1970ರಲ್ಲಿ ಮುದ್ರೆಯ ಕೆಳಗೆ ಹತ್ತು ಚುಕ್ಕಿ ಇಟ್ಟು, ವರ್ಷಕ್ಕೊಂದು ಕಡಿಮೆ ಮಾಡುತ್ತಾ ಬಂದರು. ಆ ದಶಕದ ಮುದ್ರೆಯಲ್ಲಿ ಏಳು ಚುಕ್ಕಿ ಇದ್ದರೆ 1973. ಮುದ್ರೆ ಒಂದನ್ನೇ ನಂಬಬೇಡಿ, ಅಲಗು ಬದಲಿಸಿದ ಚಾಕುಗಳು ಸಂತೆಯಲ್ಲಿ ಬೇಕಾದಷ್ಟಿವೆ. ಎರಡು ಅಲಗಿನ ಸವೆತ, ಬಣ್ಣ ಒಂದಕ್ಕೊಂದು ಹೊಂದುತ್ತಿದೆಯೇ ನೋಡಿ.

ತಾತನ ಚಾಕು ಪೆಟ್ಟಿಗೆಯಲ್ಲಿ ಸಿಕ್ತು. ಹೊಳೆಯೋ ಹಾಗೆ ಉಜ್ಜಲಾ?

ಕೈ ಕಟ್ಟಿಕೊಳ್ಳಿ. ಯಂತ್ರದ ಪಾಲಿಶ್ ಚಕ್ರ ಮುದ್ರೆಯನ್ನೂ ಅಂಚುಗಳನ್ನೂ ಒಟ್ಟಿಗೆ ತಿಂದುಹಾಕುತ್ತದೆ. ಸಂಗ್ರಹಕಾರರು ಅಂಥದ್ದನ್ನು ಮುಟ್ಟುವುದಿಲ್ಲ. ಅಲುಗಾಡದ ಕೀಲಿಗೆ ಎಣ್ಣೆ ಬಿಟ್ಟು ಒಂದು ದಿನ ಕಾಯಿರಿ, ಇಕ್ಕಳ ಹಾಕಿ ಎಳೆಯಬೇಡಿ. ಹಿತ್ತಾಳೆಯ ಮೇಲಿನ ಹಸಿರು ಕಿಲುಬನ್ನು ಹಲ್ಲುಕಡ್ಡಿಯಿಂದ ಕೆರೆದು ತೆಗೆಯಬಹುದು. ಕೆಂಪು ತುಕ್ಕಷ್ಟನ್ನು ಇಳಿಸಿ, ಬೂದು ಬಣ್ಣವನ್ನು ಹಾಗೇ ಬಿಡಿ.

ಹಿಡಿ ಬಣ್ಣಬಣ್ಣದ, ಮುತ್ತಿನ ಹೊಳಪಿನ ಪ್ಲಾಸ್ಟಿಕ್ಕಿನಂತಿದ್ದರೆ ಅದು ಸೆಲ್ಯುಲಾಯ್ಡ್ ಇರಬಹುದು. ಸೆಲ್ಯುಲಾಯ್ಡ್ ವಯಸ್ಸಾದಂತೆ ಕೊಳೆತು ಆಮ್ಲದ ಹಬೆ ಬಿಡುತ್ತದೆ, ಪಕ್ಕದ ಚಾಕುಗಳಿಗೂ ತುಕ್ಕು ಹಬ್ಬಿಸುತ್ತದೆ. ಕರ್ಪೂರದಂಥ ವಾಸನೆ, ಹಿಡಿಯಲ್ಲಿ ಬಿರುಕು, ಅಲಗಿನಲ್ಲಿ ಹಿಡಿಗೆ ತಾಗುವ ಭಾಗದಲ್ಲಷ್ಟೇ ದಟ್ಟ ತುಕ್ಕು ಇವು ಲಕ್ಷಣ. ಅಂಥದ್ದನ್ನು ಉಳಿದವುಗಳ ಜೊತೆ ಮುಚ್ಚಿದ ಡಬ್ಬಿಯಲ್ಲಿ ಇಡಬೇಡಿ. ಗಾಳಿಯಾಡುವ ಕಡೆ, ಒಂಟಿಯಾಗಿ, ಬೆಂಕಿಯಿಂದ ದೂರ ಇಡಿ. ಸೆಲ್ಯುಲಾಯ್ಡ್‌ಗೆ ಬೆಂಕಿ ತಗುಲಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ.